ರೇಟಿಂಗ್ ಫಾರ್ಮ್‌ನಲ್ಲಿ ಒತ್ತಿದ ಸ್ಟಾರ್‌ಗೆ ಬಣ್ಣ ತುಂಬುವುದು ಹೇಗೆ?

ಹುಬ್ಬಳ್ಳಿಯ ಖಾನಾವಳಿಯೊಂದಕ್ಕೆ ವೆಬ್ ಫಾರ್ಮ್ ಮಾಡುತ್ತಿದ್ದೀರಿ ಅನ್ನಿ: ಜೋಳದ ರೊಟ್ಟಿಗೆ 5 ಸ್ಟಾರ್, ಎಣಗಾಯಿಗೆ 5.

ಪ್ರತಿ ಸ್ಟಾರ್‌ಗೆ ಒಂದು ರೇಡಿಯೊ ಬಟನ್ (ಗುಂಪಿನಲ್ಲಿ ಒಂದನ್ನಷ್ಟೇ ಆರಿಸಬಹುದಾದ ಗುಂಡಿ), ಅದರ ಬೆನ್ನಿಗೇ ಸ್ಟಾರ್ ತೋರಿಸುವ ಲೇಬಲ್. ರೊಟ್ಟಿಯ ಐದೂ ಬಟನ್‌ಗೆ ಒಂದೇ ನೇಮ್ (ಗುಂಪಿನ ಹೆಸರು), ಎಣಗಾಯಿಗೆ ಬೇರೆ. ಎರಡಕ್ಕೂ ಒಂದೇ ಕೊಟ್ಟರೆ ಎಣಗಾಯಿಗೆ ಒತ್ತಿದ ಕೂಡಲೇ ರೊಟ್ಟಿಯ ಸ್ಟಾರ್ ಆರಿಹೋಗುತ್ತದೆ. ಬಟನ್ ಮರೆಮಾಡಲು ಡಿಸ್‌ಪ್ಲೇ ನನ್ (display: none) ಬೇಡ, ಕೀಬೋರ್ಡ್‌ಗೆ ಸಿಗುವುದಿಲ್ಲ. ಒಪ್ಯಾಸಿಟಿ 0, ಅಂದರೆ ಪೂರ್ತಿ ಪಾರದರ್ಶಕ ಮಾಡಿದರೆ ಸಾಕು.

ತೊಡಕಿರುವುದು ಬಣ್ಣದಲ್ಲಿ. 4 ಒತ್ತಿದರೆ 1ರಿಂದ 4 ತುಂಬಬೇಕು. ಆದರೆ ಪುಟದ ಅಂದಚಂದ ಹೇಳುವ ಸಿಎಸ್‌ಎಸ್‌ನ ಟಿಲ್ಡ್ (~) ತನ್ನ ನಂತರದವುಗಳನ್ನಷ್ಟೇ ಹಿಡಿಯುತ್ತದೆ, ಹಿಂದಕ್ಕೆ ನೋಡುವುದಿಲ್ಲ. 5ರಿಂದ 1ಕ್ಕೆ ಉಲ್ಟಾ ಬರೆದು, ಸಾಲನ್ನು ತಿರುಗಿಸಿ ತೋರಿಸುವ ರೋ-ರಿವರ್ಸ್ ಹಾಕುವುದು ಹಳೆಯ ಉಪಾಯ. ಆಗ ಬಾಣದ ಕೀಲಿಯೂ ಉಲ್ಟಾ ಓಡುತ್ತದೆ. ಈಗ ಅದರ ಗೊಡವೆ ಬೇಡ. 2023ರ ಡಿಸೆಂಬರ್‌ನಿಂದ ‘ಹ್ಯಾಸ್’ (:has) ಸೆಲೆಕ್ಟರ್, ಅಂದರೆ ನಿಯಮ ಯಾವುದಕ್ಕೆ ಎಂದು ಆರಿಸುವ ಗುರುತು, ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ. ಸ್ಟಾರ್‌ಗಳನ್ನು ನೇರವಾಗಿಯೇ ಬರೆಯಿರಿ. ಹ್ಯಾಸ್ ಒಳಗೆ ಟಿಲ್ಡ್ ಇಟ್ಟು, ತಮ್ಮ ನಂತರ ಚೆಕ್ಡ್ (ಒತ್ತಿದ) ಬಟನ್ ಇರುವ ಲೇಬಲ್‌ಗಳಿಗೆಲ್ಲ ಒಂದು ನಿಯಮ. ಚೆಕ್ಡ್ ಬಟನ್ ಪಕ್ಕದ ಲೇಬಲ್‌ಗೆ ಪ್ಲಸ್ (+) ಹಾಕಿ ಇನ್ನೊಂದು. ಎರಡನ್ನೂ ಕಾಮಾದಿಂದ ಜೋಡಿಸಬೇಡಿ: ಹ್ಯಾಸ್ ತಿಳಿಯದ ಹಳೆಯ ಫೋನ್ ಇಡೀ ನಿಯಮವನ್ನೇ ಬಿಟ್ಟುಬಿಡುತ್ತದೆ.

ಬಿಳಿಯ ಮೇಲೆ ತಿಳಿಹಳದಿ ಕಾಣುವುದೇ ಇಲ್ಲ. ಕಾಂಟ್ರಾಸ್ಟ್ ಕನಿಷ್ಠ 3:1 ಇರಲಿ. ಫೋಕಸ್-ವಿಸಿಬಲ್‌ಗೆ (ಕೀಬೋರ್ಡ್‌ನಿಂದ ಸ್ಟಾರ್ ತಲುಪಿದಾಗಿನ ಸ್ಥಿತಿಗೆ) 2 ಪಿಕ್ಸೆಲ್ ಔಟ್‌ಲೈನ್ ಮರೆಯಬೇಡಿ.