ಎಡ ಹೆಗಲಿಗೆ ಕೋವಿ: ನನ್ನ ಅನುಭವ

ಮೂರು ವರ್ಷದ ಹಿಂದೆ, ಕೈಲ್ ಪೊಳ್ದ್ ದಿನ, ಅಂದರೆ ಕೊಡವರ ಆಯುಧಪೂಜೆಯ ಹಬ್ಬದಲ್ಲಿ, ತೆಂಗಿನಕಾಯಿಗೆ ಗುರಿಯಿಟ್ಟು ನಾನು ಜೀವನದಲ್ಲಿ ಮೊದಲ ಈಡು ಹೊಡೆದೆ. ಕಾಯಿ ಅಲ್ಲಾಡಲೂ ಇಲ್ಲ. ಈ ಸೆಪ್ಟೆಂಬರ್ 3ಕ್ಕೆ ಅದೇ ಮೈದಾನದಲ್ಲಿ, ಅದೇ 12 ಬೋರ್ ಜೋಡಿ ನಳಿಗೆಯ ಕೋವಿಯಲ್ಲಿ, ಮೊದಲ ತೋಟಾಕ್ಕೇ ಕಾಯಿ ಒಡೆದು ನೀರು ಸುರಿಯಿತು. ನಡುವೆ ಏನು ಮಾಡಿದೆ ಎಂದು ತುಂಬಾ ಜನ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಬೆಂಗಳೂರಿನಲ್ಲಿ. ವಿರಾಜಪೇಟೆ ಕಡೆಯ ನಮ್ಮ ತೋಟಕ್ಕೆ ವಾಪಸ್ ಬಂದಾಗ ನಲವತ್ತು ದಾಟಿತ್ತು. ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಕೋವಿಯ ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಹೊಡೆದಿರಲಿಲ್ಲ ಅಷ್ಟೇ. ಆ ದಿನ ಹಿರಿಯರು ಕೋವಿಯನ್ನು ಬಲ ಹೆಗಲಿಗೆ ಕೊಟ್ಟು 'ಒತ್ತು' ಎಂದರು. ಒತ್ತಿದೆ. ಕೊಡವ ಸೀರೆಯ ಪಿನ್ನು ಇರುವುದೇ ಬಲ ಹೆಗಲ ಮೇಲೆ, ಅಲ್ವಾ? ಕೋವಿಯ ಹಿಡಿ ಸೀದಾ ಅದರ ಮೇಲೇ ಒದೆಯಿತು. ಹತ್ತು ದಿನ ನೀಲಿಗಟ್ಟಿದ ಹೆಗಲು. ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂದ ಭಯ.

ಮುಂದಿನ ವರ್ಷ ಪೂರ್ತಿ ತಪ್ಪು ಜಾಗದಲ್ಲಿ ದುಡ್ಡು ಸುರಿದೆ. ಒದೆತಕ್ಕೆ ರಬ್ಬರ್ ಪ್ಯಾಡ್ ಹಾಕಿಸಿದರೆ ಸರಿಹೋಗುತ್ತದೆ ಎಂದರು. ಒಬ್ಬ ರಿಪೇರಿಯವರಿಗೆ ನಾಲ್ಕೂವರೆ ಸಾವಿರ ಕೊಟ್ಟೆ. ಅವರು ಹಿಡಿಯನ್ನು ಒಂದಿಷ್ಟೂ ಕತ್ತರಿಸದೆ, ಒಂದು ಇಂಚಿನ ಪ್ಯಾಡನ್ನು ಹಾಗೇ ಅಂಟಿಸಿಬಿಟ್ಟರು. ನನ್ನ ಕೈಗೆ ಮೊದಲೇ ಉದ್ದವಿದ್ದ ಕೋವಿ ಇನ್ನೂ ಉದ್ದವಾಯಿತು. ಎತ್ತಿದರೆ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ಮತ್ತೆ ಕತ್ತರಿಸಿ ಕೂರಿಸಲು ಇನ್ನೊಬ್ಬರಿಗೆ ಎರಡು ಸಾವಿರ. ತೋಟಾ ಒಂದಕ್ಕೆ ನೂರರ ಆಸುಪಾಸು. ಆ ವರ್ಷ ನಲವತ್ತು ತೋಟಾ ಸುಟ್ಟಿರಬೇಕು. ಕಾಯಿಗೆ ತಾಗಿದ್ದು ಎರಡೇ, ಅದೂ ಅಂಚಿಗೆ.

ತಿರುವು ಸಿಕ್ಕಿದ್ದು ಏರ್‌ಗನ್‌ನಲ್ಲಿ. ಮನೆ ಹಿಂದೆ ಕಾಫಿ ಚೀಲಗಳಿಗೆ ಮರಳು ತುಂಬಿ ಗೋಡೆಯಂತೆ ಪೇರಿಸಿದೆ. ಅದರ ಮುಂದೆ ಕಾಗದ. ಎಷ್ಟು ಹೊಡೆದರೂ ಪೆಲೆಟ್‌ಗಳೆಲ್ಲ ಒಂದೇ ಕಡೆಗೆ ಸರಿದು ಕೂರುತ್ತಿದ್ದವು. ಗುರಿ ಹಿಡಿಯುವಾಗ ಎಡಗಣ್ಣು ಮುಚ್ಚಿದರೆ ಸ್ವಲ್ಪ ಸರಿ, ಎರಡೂ ತೆರೆದರೆ ಪೂರ್ತಿ ಕೆಟ್ಟಿತು. ಎರಡು ಕೈಗಳ ನಡುವಿನ ಕಿಂಡಿಯಲ್ಲಿ ದೂರದ ಮರ ನೋಡಿ, ಒಂದೊಂದೇ ಕಣ್ಣು ಮುಚ್ಚುವ ಪರೀಕ್ಷೆ ಒಂದಿದೆ; ಯಾವ ಕಣ್ಣಿಗೆ ಮರ ಕಿಂಡಿಯಲ್ಲೇ ಉಳಿಯುತ್ತದೋ ಗುರಿ ಹಿಡಿಯುವುದು ಆ ಕಣ್ಣು. ಮಾಡಿ ನೋಡಿದೆ. ನನ್ನದು ಎಡಗಣ್ಣಿನ ಯಜಮಾನಿಕೆ. ಬಲಗೈಯವಳು, ಎಡಗಣ್ಣಿನವಳು.

ಗುರಿ ಹಿಡಿಯುವ ಕಣ್ಣಿನ ಕಡೆಗೇ ಕೋವಿ ಇರಲಿ, ಹೆಗಲು ಬದಲಿಸುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. 'ಈ ವಯಸ್ಸಿಗೆ ಕೈ ಬದಲಿಸಿದರೆ ಎರಡೂ ಕೆಡುತ್ತೆ' ಎಂದರು. ಎಡಗಣ್ಣಿಗೆ ಪಟ್ಟಿ ಕಟ್ಟಿಕೋ ಎಂದರು. ಒಂದು ವಾರ ಕಟ್ಟಿಕೊಂಡೂ ನೋಡಿದೆ. ದೂರ ಎಷ್ಟೆಂದೇ ಅಂದಾಜು ಸಿಗಲಿಲ್ಲ. ಬಿಟ್ಟೆ.

ಆಮೇಲೆ ನಾಲ್ಕು ತಿಂಗಳು ಒಂದೇ ಒಂದು ತೋಟಾ ಸುಡಲಿಲ್ಲ. ದಿನಾ ರಾತ್ರಿ ಊಟಕ್ಕೆ ಮುಂಚೆ, ಖಾಲಿ ಕೋವಿಯನ್ನು ಮುರಿದು (ನಳಿಗೆಯನ್ನು ಕೀಲಿನಲ್ಲಿ ಬಾಗಿಸಿ ತೆರೆದು) ಎರಡೆರಡು ಸಲ ನೋಡಿ, ಎಡ ಹೆಗಲಿಗೆ ಐವತ್ತು ಸಲ ಎತ್ತುವುದು. ಖಾಲಿ ಕೋವಿಯ ಕುದುರೆ ಎಳೆದಾಗ ಒಳಗಿನ ಮೊಳೆ ಸುಮ್ನೆ ಬಡಿದು ಹಾಳಾಗಬಾರದೆಂದು, ಸುಟ್ಟ ತೋಟಾದ ಹಿಂಬದಿಯಲ್ಲಿ ಆ ಮೊಳೆ ಬಡಿಯುವ ಕೇಪಿನ ಜಾಗಕ್ಕೆ ಪೆನ್ಸಿಲ್ ರಬ್ಬರ್ ತುಂಬಿದೆ. ಎರಡೇ ವಾರಕ್ಕೆ ರಬ್ಬರ್ ಪುಡಿಪುಡಿ. ಕೊನೆಗೆ ಒಂದು ಜೊತೆ ಡಮ್ಮಿ, ಅಂದರೆ ಮದ್ದಿಲ್ಲದ ಸುಳ್ಳು ತೋಟಾ, ಕೊಂಡೆ, ಒಂದೂವರೆ ಸಾವಿರ ಇರಬೇಕು. ಈ ಇಡೀ ಕಥೆಯಲ್ಲಿ ಅದಕ್ಕಿಂತ ಒಳ್ಳೆಯ ಖರ್ಚು ನಾನು ಮಾಡಿಲ್ಲ.

ಭಯ ಹೋದದ್ದೂ ಅದೇ ಡಮ್ಮಿಯಿಂದ. ನಾನು ಆಚೆ ತಿರುಗಿ ನಿಲ್ಲುತ್ತಿದ್ದೆ. ನನ್ನ ಮೈದುನ ಒಮ್ಮೆ ನಿಜವಾದ ತೋಟಾ, ಒಮ್ಮೆ ಡಮ್ಮಿ ತುಂಬಿ ಕೊಡುತ್ತಿದ್ದ. ಒಳಗೆ ಯಾವುದಿದೆ ಎಂದು ನನಗೆ ಗೊತ್ತಿಲ್ಲ. ಮೊದಲ ದಿನ ಡಮ್ಮಿ ಬಂದಾಗೆಲ್ಲ ನಳಿಗೆಯ ತುದಿ ಎರಡು ಇಂಚು ಕೆಳಗೆ ಬಾಗುತ್ತಿತ್ತು. ಒದೆತ ಬರುವ ಮೊದಲೇ ನಾನು ಹೆದರಿ ತಳ್ಳುತ್ತಿದ್ದೆ. ಮೂರನೇ ವಾರಕ್ಕೆ ಬಾಗುವುದು ನಿಂತಿತು. ಇದಕ್ಕೆ ಖರ್ಚಾದದ್ದು ಹದಿನೈದೋ ಹದಿನಾರೋ ತೋಟಾ ಅಷ್ಟೇ.

ಎಡ ಹೆಗಲಿಗೂ ಅದರದೇ ಕಷ್ಟವಿದೆ. ಹಳೆಯ ಕೋವಿಗಳ ಹಿಡಿ ಬಲಗಡೆಗೆ ಸ್ವಲ್ಪ ಓರೆ ಇರುತ್ತದೆ. ಎಡಗೆನ್ನೆಗೆ ಅದು ಒತ್ತುತ್ತದೆ. ಹಿಡಿ ಬಗ್ಗಿಸಲು ಹತ್ತು ಸಾವಿರ ಕೇಳಿದರು. ನಾನು ಬಗ್ಗಿಸಲಿಲ್ಲ. ಕೆನ್ನೆಯ ಜಾಗದಲ್ಲಿ ಒಂದು ಉಪಾಯ ಮಾಡಿದ್ದೇನೆ, ಐವತ್ತು ರೂಪಾಯಿಯೂ ಆಗಿಲ್ಲ. ಏನೆಂದು ಸದ್ಯಕ್ಕೆ ಹೇಳುವುದಿಲ್ಲ. ಮುಂದಿನ ಕೈಲ್ ಪೊಳ್ದ್‌ಗೆ ನಾನೂ ಸ್ಪರ್ಧೆಯಲ್ಲಿ ಇದ್ದೇನೆ.

ಇನ್ನೊಂದು ಹುಚ್ಚು ಪ್ರಯೋಗವೂ ಆಯಿತು. ದಿನಪತ್ರಿಕೆ ಹರಡಿ ಮೂವತ್ತು ಹೆಜ್ಜೆಯಿಂದ ಎರಡೂ ನಳಿಗೆ ಹೊಡೆದು, ತೆಂಗಿನಕಾಯಿಯಷ್ಟು ದೊಡ್ಡ ವೃತ್ತದೊಳಗೆ ಎಷ್ಟು ಚರೆ (ತೋಟಾದೊಳಗಿನ ಸಣ್ಣ ಗುಂಡು) ಬಿದ್ದವು ಎಂದು ಎಣಿಸಿದೆ. 4 ನಂಬರ್ ಚರೆ. ಬಲ ನಳಿಗೆಯದು ಐದಾರು. ಎಡ ನಳಿಗೆಯದು ಒಂಬತ್ತು ಹತ್ತು. ಎಡದ ಬಾಯಿ ಬಿಗಿ, ಚರೆ ಕಡಿಮೆ ಚದುರುತ್ತದೆ ಎಂದು ಎಲ್ಲರಿಗೂ ಗೊತ್ತು, ಆದರೂ ಮೈದಾನದಲ್ಲಿ ಎಲ್ಲರೂ ಅಭ್ಯಾಸಬಲದಿಂದ ಬಲ ನಳಿಗೆಯ ಮುಂದಿನ ಕುದುರೆಯನ್ನೇ ಎಳೆಯುತ್ತಾರೆ. ನಾನು ಈ ಸಲ ಎಡ ನಳಿಗೆಯ ಹಿಂದಿನದನ್ನು ಎಳೆದೆ.

ಆ ದಿನ ಒಂದು ವಿಷಯಕ್ಕೆ ನಿಜಕ್ಕೂ ಬೆವರಿದೆ. ಹೊಡೆಯುವ ಮುಂಚೆ ಕೋವಿ ಮುರಿದು ಬೆಳಕಿಗೆ ಹಿಡಿದರೆ ಬಲ ನಳಿಗೆಯೊಳಗೆ ತೋಕ್ ಪೂವಿನ ತೊಟ್ಟು ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಪೂಜೆಯದು. ನಳಿಗೆಯಲ್ಲಿ ಏನಾದರೂ ಅಡ್ಡ ಇದ್ದಾಗ ಹೊಡೆದರೆ ನಳಿಗೆಯೇ ಸೀಳಬಹುದು. ದಯವಿಟ್ಟು ಪೂಜೆಯ ಕೋವಿಯನ್ನು ಸೀದಾ ಮೈದಾನಕ್ಕೆ ಒಯ್ಯಬೇಡಿ. ಒಮ್ಮೆ ಕಡ್ಡಿ ಹಾಕಿ ಒರೆಸಿ.

ಈಗ ಪಾಯಿಂಟ್ 22 ರೈಫಲ್ ಹಿಡಿದಿದ್ದೇನೆ. ಪ್ರತಿ ಗುಂಡಿಗೂ ಎಳೆಯಬೇಕಾದ ಅದರ ಬೋಲ್ಟ್‌ನ ಹಿಡಿಕೆ ಬಲಗಡೆ ಇದೆ, ಎಡ ಹೆಗಲಿನಿಂದ ಕೈ ಸುತ್ತಿ ಎಳೆಯಬೇಕು. ಹಾಗೆ ಎಳೆದಾಗೆಲ್ಲ ಕೆನ್ನೆ ಎದ್ದುಬಿಡುತ್ತಿದೆ. ಕಳೆದ ಭಾನುವಾರ ಐವತ್ತು ಮೀಟರ್‌ನಲ್ಲಿ ಹತ್ತಕ್ಕೆ ನಾಲ್ಕು ತಾಗಿದವು.