ತೆಳು ಗೆರೆಯ ಲೆಕ್ಕ: ಲಗ್ನಪತ್ರಿಕೆಗೊಂದು ಕನ್ನಡ ಫಾಂಟ್ ಬರೆದ ಅನುಭವ

ತುಮಕೂರಿನಲ್ಲಿ ಡಿಟಿಪಿ ಕೆಲಸ ಮಾಡುವ ನನ್ನ ಮೇಜಿಗೆ ಬರುವ ಲಗ್ನಪತ್ರಿಕೆಗಳಲ್ಲಿ ವಧೂವರರ ಹೆಸರು ಈಗ ಎರಡು ಲಿಪಿಯಲ್ಲಿ ಇರುವುದೇ ಹೆಚ್ಚು. ಇಂಗ್ಲಿಷ್ ಹೆಸರಿಗೆ ಬೊಡೋನಿ, ಡಿಡೋ ಅಥವಾ ಉಚಿತವಾಗಿ ಸಿಗುವ ಪ್ಲೇಫೇರ್ ಡಿಸ್‌ಪ್ಲೇಯಂಥ ಸೆರಿಫ್ (ಗೆರೆಯ ತುದಿಯಲ್ಲಿ ಪುಟ್ಟ ಅಡ್ಡಗೆರೆ ಇರುವ) ಫಾಂಟ್ ಬೇಕೆಂದು ಮನೆಯವರೇ ಕೇಳುತ್ತಾರೆ. ದಪ್ಪ ಗೆರೆ ಗಟ್ಟಿಯಾಗಿ, ತೆಳು ಗೆರೆ ಕೂದಲೆಳೆಯಷ್ಟು ಸಣ್ಣಗೆ ಇರುವ ಆ ಅಕ್ಷರಗಳ ಕೆಳಗೆ ಒಂದೇ ದಪ್ಪದ ಕನ್ನಡ ಅಕ್ಷರವನ್ನು ಕೂರಿಸಿದರೆ ಕನ್ನಡದ ಹೆಸರು ಮಂಕಾಗಿ ಕಾಣುತ್ತದೆ. ಇದು ಕನ್ನಡದ ಕೊರತೆಯಲ್ಲ, ಜೋಡಿಯ ಕೊರತೆ ಎಂದು ನನಗೆ ಅನ್ನಿಸಿದ್ದರಿಂದ, ಶೀರ್ಷಿಕೆ ಮತ್ತು ಹೆಸರುಗಳಿಗಷ್ಟೇ ಬಳಸುವಂಥ ಒಂದು ಕನ್ನಡ ಫಾಂಟನ್ನು, ಫಾಂಟ್ ತಯಾರಿಸುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನಲ್ಲಿ ಬರೆಯತೊಡಗಿದೆ.

ದಪ್ಪ-ತೆಳು ಗೆರೆಗಳ ಈ ಬಗೆಯ ಇಂಗ್ಲಿಷ್ ಅಕ್ಷರ ಹುಟ್ಟಿದ್ದರ ಹಿಂದೆ ಕಾಗದ ಮತ್ತು ಮಸಿಯ ಕಥೆಯೂ ಇದೆ. ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ 1757ರಲ್ಲಿ ರೋಮನ್ ಕವಿ ವರ್ಜಿಲನ ಕಾವ್ಯವನ್ನು ಅಚ್ಚುಹಾಕಿದಾಗ ನುಣುಪಾದ ಕಾಗದವನ್ನೂ ಹೆಚ್ಚು ಕಪ್ಪಾದ ಮಸಿಯನ್ನೂ ಬಳಸಿದ. ಮುಂದೆ ಪ್ಯಾರಿಸ್ಸಿನ ಫರ್ಮಿನ್ ಡಿಡೋ ಮತ್ತು ಪಾರ್ಮಾದ ಜಾಂಬಟಿಸ್ಟಾ ಬೊಡೋನಿ ತೆಳು ಗೆರೆಯನ್ನು ಇನ್ನೂ ಸಣ್ಣದಾಗಿಸಿದರು. ಬೊಡೋನಿ ತೀರಿಕೊಂಡ ಮೇಲೆ, 1818ರಲ್ಲಿ, ಅವನ ಹೆಂಡತಿ ಹೊರತಂದ ಅಚ್ಚುಮೊಳೆಗಳ ಮಾದರಿ ಪುಸ್ತಕದಲ್ಲಿ ಒಂದೇ ಶೈಲಿಯ ಅಕ್ಷರ ಹತ್ತಿರ ಹತ್ತಿರದ ಹಲವು ಅಳತೆಗಳಲ್ಲಿದೆ. ಸೀಸದ ಮೊಳೆಯ ಕಾಲದಲ್ಲಿ ಪ್ರತಿ ಅಳತೆಗೂ ಬೇರೆಯಾಗಿ ಕೆತ್ತಬೇಕಿತ್ತು. ಕಂಪ್ಯೂಟರಿನಲ್ಲಿ ಒಂದೇ ಆಕಾರವನ್ನು ಹಿಗ್ಗಿಸಿ ಕುಗ್ಗಿಸುವ ನಮಗೆ ಆ ವಿವೇಕ ತಪ್ಪಿಹೋಗಿದೆ.

ಆದ್ದರಿಂದ ನಾನು ಅಕ್ಷರದ ಅಂದಕ್ಕಿಂತ ಮೊದಲು ಗೆರೆಯ ಲೆಕ್ಕ ಹಾಕಿದೆ. ಅಕ್ಷರ ಬರೆಯುವ ಸಾವಿರ ಯೂನಿಟ್ಟಿನ ಚೌಕದಲ್ಲಿ (ಇದರ ಎತ್ತರವೇ ಫಾಂಟಿನ ಪಾಯಿಂಟ್ ಅಳತೆ) ದಪ್ಪ ಗೆರೆ 120, ತೆಳು ಗೆರೆ 20 ಎಂದಿಟ್ಟುಕೊಂಡರೆ, 48 ಪಾಯಿಂಟಿನಲ್ಲಿ ತೆಳು ಗೆರೆ ಸುಮಾರು 0.34 ಮಿಲಿಮೀಟರ್ ಇರುತ್ತದೆ. ಅದೇ ಅಕ್ಷರವನ್ನು 12 ಪಾಯಿಂಟಿಗೆ ಇಳಿಸಿದರೆ 0.085 ಮಿಲಿಮೀಟರಿಗೆ, ಅಂದರೆ ಕಾಲು ಪಾಯಿಂಟಿಗೂ ಕೊಂಚ ಕಡಿಮೆಗೆ ಬರುತ್ತದೆ. ಆರ್ಟ್ ಕಾರ್ಡಿನ ಮೇಲೆ ಒಂದೇ ಬಣ್ಣದ ಆಫ್‌ಸೆಟ್‌ನಲ್ಲಿ ಅದು ಹೇಗೋ ನಿಂತೀತು. ಮರೂನ್ ಹಿನ್ನೆಲೆಯಲ್ಲಿ ಅಕ್ಷರವನ್ನು ಬಿಳಿಯಾಗಿ ಉಳಿಸಿದರೆ ಸುತ್ತಲಿನ ಮಸಿ ಹರಡಿ ಗೆರೆಯೇ ಮುಚ್ಚಿಹೋಗುತ್ತದೆ. ಮಾದರಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ ಮೆಷಿನ್‌ಮನ್, "ಸಾರ್, ದೊಡ್ಡ ಹೆಸರು ಚೆನ್ನಾಗಿ ಬರುತ್ತೆ. ಚಿಕ್ಕದಕ್ಕೆ ಚಿನ್ನದ ಫಾಯಿಲ್ ಹಾಕಿದ್ರೆ ಗೆರೆ ಅಲ್ಲಲ್ಲಿ ಬಿಟ್ಟುಹೋಗುತ್ತೆ" ಎಂದರು. 24 ಪಾಯಿಂಟಿಗಿಂತ ಕೆಳಗೆ ಈ ಫಾಂಟ್ ಬೇಡ ಎಂಬ ನಿಯಮ ಅಲ್ಲಿಂದ ಬಂತು.

ದಪ್ಪ ಎಲ್ಲಿರಬೇಕೆಂಬುದು ಇನ್ನೂ ಕಠಿಣವಾದ ಪ್ರಶ್ನೆಯಾಗಿತ್ತು. ಬೊಡೋನಿಯಲ್ಲಿ ನಿಂತ ಗೆರೆ ದಪ್ಪ, ಮಲಗಿದ ಗೆರೆ ತೆಳು. ಇದನ್ನೇ ಕನ್ನಡಕ್ಕೆ ತಂದರೆ ತಲೆಕಟ್ಟುಗಳೆಲ್ಲ ಮಾಯವಾಗಿ, 'ರ', 'ದ', 'ಠ'ಗಳ ಎರಡು ಪಕ್ಕೆಗಳಷ್ಟೇ ಕಪ್ಪಾಗಿ ಉಳಿಯುತ್ತವೆ. ನಮ್ಮ ಅಕ್ಷರಗಳಿಗೆ ಸೆರಿಫ್ ಇಲ್ಲ. ಸಾಲಿನುದ್ದಕ್ಕೂ ಕಣ್ಣನ್ನು ನಡೆಸುವ ಕೆಲಸವನ್ನು ಬಹುಮಟ್ಟಿಗೆ ತಲೆಕಟ್ಟೇ ಮಾಡುತ್ತದೆ ಎಂಬುದು ನನ್ನ ತಿಳಿವಳಿಕೆ. ಹಾಗಾಗಿ ತಲೆಕಟ್ಟನ್ನು ಎಡದಲ್ಲಿ ತೆಳುವಾಗಿ ಆರಂಭಿಸಿ, ಬಲತುದಿ ಮೇಲೇಳುವಲ್ಲಿ ತೂಕ ಕೊಟ್ಟು ಚೂಪಾಗಿ ಮುಗಿಸಿದೆ. ಅಕ್ಷರದ ದುಂಡು ಭಾಗದ, ಅಂದರೆ ಬಟ್ಟಲಿನ, ತೂಕವನ್ನು ಕೆಳಬಾಗಿನಲ್ಲಿಟ್ಟು, ಗೆರೆ ಒಳಕ್ಕೆ ಸುರುಳಿಯಾಗುವ ಕಡೆ ಮಾತ್ರ 20 ಯೂನಿಟ್ಟಿಗೆ ಇಳಿಸಿದೆ.

ಹೆಚ್ಚಿನ ಸಮಯವನ್ನು ತಿಂದದ್ದು ಒತ್ತಕ್ಷರಗಳು. ಮೂಲ ಅಕ್ಷರವನ್ನು ಶೇಕಡಾ 65ಕ್ಕೆ ಕುಗ್ಗಿಸಿ ಕೆಳಗಿಟ್ಟರೆ 20 ಯೂನಿಟ್ಟಿನ ಗೆರೆ 13 ಆಗುತ್ತದೆ, 120 ಇದ್ದದ್ದು 78 ಆಗುತ್ತದೆ. ಮೇಲಿನ ಅಕ್ಷರ ಕಪ್ಪಗೆ, ಒತ್ತು ಬಿಳಿಚಿಕೊಂಡಂತೆ ಕಾಣುತ್ತದೆ. ಅದಕ್ಕೆ ಪ್ರತಿಯೊಂದು ಒತ್ತನ್ನೂ ಹೊಸದಾಗಿ ಬರೆದು ತೆಳು ಗೆರೆಯನ್ನು 20ರಲ್ಲೇ ಉಳಿಸಿ, ದಪ್ಪವನ್ನು 95ರ ಆಸುಪಾಸಿನಲ್ಲಿ ಇಟ್ಟೆ. ಪತ್ರಿಕೆಯ ನೆತ್ತಿಯಲ್ಲಿ ತಪ್ಪದೆ ಬರುವ 'ಲಕ್ಷ್ಮೀ' ಪದವೇ ನನ್ನ ಪರೀಕ್ಷೆ: 'ಕ್ಷ'ದ ಬುಡಕ್ಕೆ ಮಕಾರದ ಒತ್ತು ಸೇರಿ, ಮೇಲೆ ಗುಡಿಸು, ಬಲಕ್ಕೆ ದೀರ್ಘ ಬಂದಾಗ ನಾಲ್ಕೂ ದಿಕ್ಕಿನಲ್ಲಿ ಕಪ್ಪು ಸಮವಾಗಿ ಹಂಚಿಹೋಗಬೇಕು. 'ಸಿದ್ಧಗಂಗಾ'ದಲ್ಲಿ 'ದ್ಧ'ದ ಒತ್ತು ಕೆಳಗಿನ ಇಂಗ್ಲಿಷ್ ಸಾಲಿಗೆ ತಾಗದಂತೆ ನೋಡಿಕೊಳ್ಳಬೇಕು. ಇದಕ್ಕೆ ಸಾಲಿನ ಅಂತರವನ್ನು ಅಕ್ಷರದಳತೆಯ ಒಂದೂವರೆ ಪಟ್ಟಿಗೆ ಏರಿಸುವುದು ಬಿಟ್ಟು ಅಡ್ಡದಾರಿ ನನಗೆ ಸಿಕ್ಕಿಲ್ಲ.

ಬಳಸುವವರಿಗೆ ಒಂದೆರಡು ಮಾತು. ಇದು ಯೂನಿಕೋಡ್ ಫಾಂಟ್ ಆದ್ದರಿಂದ 'ನುಡಿ' ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವನ್ನು ಮೊದಲು ಪರಿವರ್ತಿಸಿಕೊಳ್ಳಬೇಕು. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳ ನಡುವೆ ಜಾಗ ಬಿಡಿಸುವ ರೂಢಿಯನ್ನು ಕನ್ನಡಕ್ಕೆ ತರಬೇಡಿ. ಕಾಗುಣಿತದ ದೀರ್ಘ ತನ್ನ ಅಕ್ಷರದಿಂದ ದೂರ ಸರಿದು ಓದು ಕೆಡುತ್ತದೆ. ಮುಹೂರ್ತ, ಕಲ್ಯಾಣ ಮಂಟಪದ ವಿಳಾಸ ಮತ್ತು ಫೋನ್ ನಂಬರಿಗೆ ನಾನು ಈಗಲೂ ತಿರೋ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡವನ್ನೇ ಹಾಕುತ್ತೇನೆ. ತೆಳು ಗೆರೆಯನ್ನು 40 ಯೂನಿಟ್ಟಿಗೆ ಏರಿಸಿ, ಒತ್ತುಗಳನ್ನು ಇನ್ನಷ್ಟು ಅಗಲಿಸಿ, 12 ಪಾಯಿಂಟಿಗೆಂದೇ ಬೇರೊಂದು ರೂಪವನ್ನು ಬರೆಯುತ್ತಿದ್ದೇನೆ. ಅದರಲ್ಲಿ ಸದ್ಯಕ್ಕೆ ಸ್ವರಗಳು ಮತ್ತು ಕವರ್ಗ ಮುಗಿದಿವೆ.