ಗಡ್ಡೆಗೆ ದಿನಕ್ಕೆ ಎಷ್ಟು ಜನ? ಕ್ಯಾನಿನ ಲೆಕ್ಕ

ಗಂಗಾವತಿ ಸೀಮೆಯಲ್ಲಿ ತುಂಗಭದ್ರೆಯ ನಡುವಿನ ಗಡ್ಡೆಗೆ ಜನರನ್ನು ಕರೆದೊಯ್ಯುವವರು ಕೋಣೆಗಳಿಗಿಂತ ಮೊದಲು ಶೌಚದ ಲೆಕ್ಕ ಹಾಕಬೇಕು. ವಿರೂಪಾಪುರ ಗಡ್ಡೆಯಲ್ಲಿ 2019ರ ಆಗಸ್ಟ್ ಪ್ರವಾಹಕ್ಕೆ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಲಾಯಿತು. ನಾವು ಗಡ್ಡೆಯ ಮೇಲೆ ಏನನ್ನೂ ಕಟ್ಟಿಲ್ಲ. ಸುತ್ತಾಟ ಅಲ್ಲಿ, ಊಟ ವಸತಿ ದಡದ ಊರಲ್ಲಿ.

ಬಂಡೆಯಲ್ಲಿ ಗುಂಡಿ ತೋಡಲಾಗದು. ಮರಳಲ್ಲಿ ತೋಡಿದರೆ ಕೊಳೆ ನೇರ ಹೊಳೆಗೆ ಇಳಿಯುತ್ತದೆ. ಅದಕ್ಕೇ ಬಿಚ್ಚಿ ಸಾಗಿಸುವಂಥ ಒಣ ಶೌಚಾಲಯ. ಮಲಕ್ಕೆ 60 ಲೀಟರಿನ ಡ್ರಮ್ಮು. ಮೂತ್ರಕ್ಕೆ ಮತ್ತು ತೊಳೆದ ನೀರಿಗೆ 20 ಲೀಟರಿನ ಬೇರೆ ಬೇರೆ ಕ್ಯಾನು. ಡ್ರಮ್ಮು ಇದಕ್ಕಿಂತ ದೊಡ್ಡದಾದರೆ ಇಬ್ಬರು ಎತ್ತಿ ಹರಿಗೋಲಿಗೆ ಇಳಿಸುವುದು ಕಷ್ಟ. ತಳಕ್ಕೆ ನಾಲ್ಕು ಬೆರಳು ಭತ್ತದ ಹೊಟ್ಟು, ಪ್ರತಿ ಬಳಕೆಯ ನಂತರ ಒಂದು ಚೊಂಬು ಹೊಟ್ಟಿನ ಬೂದಿ. ಅಕ್ಕಿ ಗಿರಣಿಗಳ ಊರಲ್ಲಿ ಇದಕ್ಕೆ ಬರವಿಲ್ಲ.

ಹಗಲು ಬಂದು ಹೋಗುವವರಿಗೆ ತಲಾ 400 ಮಿ.ಲೀ. ಮೂತ್ರ ಎಂದು ಹಿಡಿಯುತ್ತೇವೆ. ಕ್ಯಾನನ್ನು ಬಾಯಿಮಟ್ಟ ತುಂಬಿಸಬಾರದು, 18 ಲೀಟರಿಗೆ ನಿಲ್ಲಿಸಬೇಕು. ಅಂದರೆ ಮೂತ್ರದ ಒಂದು ಕ್ಯಾನಿಗೆ 45 ಜನ, ಅಂಥ ಎರಡು ಕ್ಯಾನಿಗೆ 90. ಅಲ್ಲಿಗೆ ಆ ದಿನದ ಟಿಕೆಟ್ ಮುಗಿಯಿತು.

ಕೆಡುವುದು ಹೆಚ್ಚಾಗಿ ನೀರಿನಿಂದಲೇ. ಡ್ರಮ್ಮಿಗೆ ನೀರು ಬಿದ್ದರೆ ಗೊಬ್ಬರವಾಗಬೇಕಾದ್ದು ಕೊಳೆತು ನಾರುತ್ತದೆ, ನೊಣ ಮುತ್ತುತ್ತವೆ. ತೊಳೆಯುವ ಜಾಗವನ್ನು ಒಂದು ಹೆಜ್ಜೆ ಪಕ್ಕಕ್ಕೆ ಮಾಡಿ, ಮಗ್ಗನ್ನು ಅಲ್ಲೇ ಸರಪಳಿಗೆ ಕಟ್ಟಿ. ಬರಹಕ್ಕಿಂತ ಚಿತ್ರದ ಫಲಕ ಚೆನ್ನಾಗಿ ಕೆಲಸ ಮಾಡುತ್ತದೆ. ಮೂತ್ರದ ಪೈಪು ಸಣ್ಣದಾದರೆ ಬಿಳಿ ಉಪ್ಪು ಕಟ್ಟಿ ಮುಚ್ಚಿಕೊಳ್ಳುತ್ತದೆ. ಒಂದೂವರೆ ಇಂಚಿನದು, ಇಳಿಜಾರಾಗಿ, ತಿರುವಿಲ್ಲದೆ ಇರಲಿ.

ದಡದಲ್ಲಿ ಸೂರಿರುವ ಗುಂಡಿಗೆ ಮಲ, ಭತ್ತದ ಹುಲ್ಲು, ಮಣ್ಣು ಪದರ ಪದರವಾಗಿ ಹಾಕಿ, ತುಂಬಿದ ಮೇಲೆ ಪೂರ್ತಿ ಒಂದು ವರ್ಷ ಮುಚ್ಚಿಡಬೇಕು. ಅವಸರಪಟ್ಟರೆ ಜಂತುಹುಳದ ಮೊಟ್ಟೆ ಉಳಿದಿರುತ್ತವೆ. ಮೂತ್ರಕ್ಕೆ ನಾಲ್ಕು ಪಾಲು ನೀರು ಬೆರೆಸಿ ಬಾಳೆಯ ಬುಡಕ್ಕೆ ಬಿಡುತ್ತೇವೆ.

ಇಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು: ಮಲೆನಾಡಿನ ಮಳೆಗೆ ಮೇಲಿನ ತುಂಗಭದ್ರಾ ಅಣೆಕಟ್ಟೆ ತುಂಬಿ ಗೇಟು ತೆರೆಯುತ್ತಾರೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಅದನ್ನು ಯಾರೂ ತೆರೆಯದೆಯೇ ನೀರು ನುಗ್ಗಿತು. ಹೀಗಾಗಿ ಗಡ್ಡೆಯ ಮೇಲೆ ಒಂದೇ ಹೊತ್ತಿಗೆ, ಇರುವ ಹರಿಗೋಲುಗಳು ಎರಡು ಸುತ್ತಿನಲ್ಲಿ ದಡ ಸೇರಿಸುವಷ್ಟು ಜನ ಮಾತ್ರ: ನಾಲ್ಕು ಹರಿಗೋಲು, ತಲಾ ಆರು, ಒಟ್ಟು 48. ಬಂಡೆಗೆ ಬಳಿದ ಹಳದಿ ಗೆರೆಗೆ ನೀರು ಬಂದರೆ ಹೊಸಬರನ್ನು ದಾಟಿಸುವುದಿಲ್ಲ. ಇದ್ದವರನ್ನು ಮೊದಲು, ಕ್ಯಾನುಗಳನ್ನು ಆಮೇಲೆ ತರುತ್ತೇವೆ. ಅಣೆಕಟ್ಟೆ ತುಂಬುವ ಹೊತ್ತಿಗೆ ಇಡೀ ಶೌಚಾಲಯವನ್ನೇ ಬಿಚ್ಚಿ ದಡಕ್ಕೆ ಸಾಗಿಸುತ್ತೇವೆ.